ಗಲ್ಫ್ ಮರಳುಗಾಡಿನ ಟವರಿಗೆ ಸೋಲಾರ್, ಗಾಳಿ ಕರೆಂಟು: ಲೆಕ್ಕ ಹೇಗೆ, ಕಟ್ಟುವುದು ಹೇಗೆ

ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಒಮಾನ್, ಸೌದಿ, ಕುವೈತ್‌ಗೆ ಸೈಟ್ ಕೆಲಸಕ್ಕೆ ಹೋಗುತ್ತಲೇ ಇರುತ್ತಾರೆ. ಟೆಲಿಕಾಂ ಸೈಟಿಗೆ ಹೋಗುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಲ್ಲಿ ಬಿಸಿಲು ಅಷ್ಟೊಂದಿದೆ, ಗಾಳಿನೂ ಇದೆ, ನಾಲ್ಕು ಪ್ಯಾನೆಲ್ ಹಾಕಿ ಪಕ್ಕದಲ್ಲಿ ಒಂದು ಫ್ಯಾನ್ ನಿಲ್ಲಿಸಿದ್ರೆ ಮುಗೀತಲ್ವಾ?"

ಅಷ್ಟಕ್ಕೇ ಮುಗಿಯಲ್ಲ. ಅಲ್ಲಿ ಬಿಸಿಲಿಗೆ ಬರವಿಲ್ಲ, ನಿಜ. ಕಾಟ ಕೊಡುವುದು ಸೆಕೆ ಮತ್ತು ಧೂಳು. ಗಾಳಿಯ ಲೆಕ್ಕವಂತೂ ನಮ್ಮೂರಿನ ಲೆಕ್ಕಕ್ಕೆ ಪೂರ್ತಿ ಬೇರೆ. ಇಲ್ಲಿ ಬರೆದಿರುವುದು ಊರಿಂದ ದೂರ, ಕರೆಂಟ್ ಲೈನ್ ಇಲ್ಲದ ಕಡೆ ನಿಂತಿರುವ ಸಣ್ಣ ಸ್ಟೇಷನ್‌ಗಳ ಬಗ್ಗೆ. ಪೈಪ್‌ಲೈನ್ ಪಕ್ಕದ ರೇಡಿಯೋ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವಂಥದ್ದು), ಟವರಿಂದ ಟವರಿಗೆ ಸಿಗ್ನಲ್ ದಾಟಿಸುವ ಗುಡ್ಡದ ಮೇಲಿನ ಮೈಕ್ರೋವೇವ್ ಟವರ್, ಎರಡು ಊರಿನ ನಡುವಿನ ಹೆದ್ದಾರಿಗೆ ಸಿಗ್ನಲ್ ಕೊಡುವ ಮೊಬೈಲ್ ಟವರ್, ಇಂಥವು.

ಮೊದಲು ಊರಿನ ಗಾಳಿ ಲೆಕ್ಕ ಬದಿಗಿಡಿ

ನಮ್ಮ ಕಡೆ ಆಷಾಢ ಬಂತೆಂದರೆ ಮೋಡ ಕವಿಯುತ್ತದೆ, ಬಿಸಿಲು ಇಳಿಯುತ್ತದೆ. ಅದೇ ಹೊತ್ತಿಗೆ ಜೋಗಿಮಟ್ಟಿ ಸುತ್ತಮುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಅಂದರೆ ಒಂದು ಇಳಿದಾಗ ಇನ್ನೊಂದು ಏರುತ್ತದೆ. ಸೋಲಾರ್ ಜೊತೆ ಗಾಳಿ ಸೇರಿಸುವುದರಲ್ಲಿ ಅರ್ಥ ಇರುವುದು ಇದಕ್ಕೇ.

ಕುವೈತ್, ಸೌದಿಯ ಪೂರ್ವ ಭಾಗ, ಬಹ್ರೇನ್, ಕತಾರ್ ಕಡೆ ಹೀಗಿಲ್ಲ. ಅಲ್ಲಿ ಜೋರಾಗಿ ಬೀಸುವುದು ಶಮಾಲ್ ಅನ್ನುವ ವಾಯವ್ಯದ ಗಾಳಿ. ಅದರ ಭರಾಟೆ ಜೂನ್, ಜುಲೈನಲ್ಲಿ. ಆಗ ಬಿಸಿಲೂ ತುಂಬಾ ಹೊತ್ತು ಇರುತ್ತದೆ. ಎರಡೂ ಒಟ್ಟಿಗೆ ಬರುತ್ತವೆ. ಡಿಸೆಂಬರ್, ಜನವರಿಯಲ್ಲಿ ಹಗಲು ಚಿಕ್ಕದಾಗಿ ಪ್ಯಾನೆಲ್‌ಗೆ ಕಷ್ಟ ಬಂದಾಗ ಗಾಳಿಯನ್ನು ದಿನಾ ನಂಬುವಂತಿಲ್ಲ. ಒಂದೊಂದು ದಿನ ಜೋರು, ಆಮೇಲೆ ಸುಮ್ನೆ ನಿಂತುಬಿಡುತ್ತದೆ.

ಒಮಾನಿನ ದಕ್ಷಿಣದ ಧೋಫಾರ್ ಮಾತ್ರ ಬೇರೆ. ಸಲಾಲಾ ಕಡೆಗೆ ನಮ್ಮದೇ ನೈರುತ್ಯ ಮುಂಗಾರಿನ ಒಂದು ಸೆರಗು ತಾಗುತ್ತದೆ. ಅದನ್ನು ಅವರು ಖರೀಫ್ ಅನ್ನುತ್ತಾರೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕಡೆಯ ಗುಡ್ಡಗಳ ಮೇಲೆ ಮಂಜು, ತುಂತುರು, ಬೆಟ್ಟವೆಲ್ಲ ಹಸಿರು. ಆಗ ಸೋಲಾರ್ ಕುಗ್ಗುತ್ತದೆ, ಗುಡ್ಡ ದಾಟಿದ ಬಯಲಿನಲ್ಲಿ ಗಾಳಿ ಏರುತ್ತದೆ. ಒಮಾನಿನ ಮೊದಲ ದೊಡ್ಡ ಗಾಳಿ ವಿದ್ಯುತ್ ಕೇಂದ್ರ 2019ರಲ್ಲಿ ಧೋಫಾರಿನ ಹರ್ವೀಲ್‌ನಲ್ಲಿ ಶುರುವಾದದ್ದು ಸುಮ್ಮನೆ ಅಲ್ಲ. 13 ಯಂತ್ರ, 50 ಮೆಗಾವ್ಯಾಟ್. ದುಕ್ಮ್, ಮಸೀರಾ ದ್ವೀಪ, ಥುಮ್ರೈತ್ ಕಡೆಯೂ ಗಾಳಿ ಚೆನ್ನಾಗಿದೆ.

ಒಂದು ಎಚ್ಚರಿಕೆ. ಸೌದಿಯ ದುಮತ್ ಅಲ್ ಜಂದಲ್‌ನಲ್ಲಿ 99 ಯಂತ್ರಗಳ 400 ಮೆಗಾವ್ಯಾಟ್ ಕೇಂದ್ರ ಇದೆಯಲ್ಲ, ಅದಕ್ಕೇ ಸೌದಿಯಲ್ಲಿ ಎಲ್ಲ ಕಡೆ ಗಾಳಿ ಸಿಗುತ್ತದೆ ಅಂತ ವಾದ ಮಾಡುವವರಿದ್ದಾರೆ. ಆ ಯಂತ್ರಗಳ ರೆಕ್ಕೆ ತಿರುಗುವುದು ಎಲ್ಲೋ ಆಕಾಶದಲ್ಲಿ. ನಿಮ್ಮ ಕಂಬ ಹತ್ತೋ ಹದಿನೈದೋ ಮೀಟರ್. ಆ ಎತ್ತರದ ಗಾಳಿ ನಿಮಗೆ ಸಿಗಲ್ಲ.

ಹಾಗಾಗಿ ಮೊದಲ ಕೆಲಸ ಇದು. ಸೈಟಿನ ಅಕ್ಷಾಂಶ ರೇಖಾಂಶ ತೆಗೆದುಕೊಳ್ಳಿ. ಗ್ಲೋಬಲ್ ಸೋಲಾರ್ ಅಟ್ಲಾಸ್ ಅಥವಾ ಪಿವಿಜಿಐಎಸ್ ಅನ್ನುವ ಇಂಟರ್ನೆಟ್ ತಾಣದಲ್ಲಿ ತಿಂಗಳುವಾರು ಬಿಸಿಲು ನೋಡಿ. ಗ್ಲೋಬಲ್ ವಿಂಡ್ ಅಟ್ಲಾಸ್‌ನಲ್ಲಿ 10 ಮೀಟರ್ ಎತ್ತರದ ಗಾಳಿ ನೋಡಿ. ನಾಸಾ ಪವರ್ ಅನ್ನುವ ತಾಣದಲ್ಲಿ ಎರಡರದ್ದೂ ತಿಂಗಳ ಸರಾಸರಿ ಸಿಗುತ್ತದೆ. ಎಲ್ಲವೂ ಪುಕ್ಕಟೆ. ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳು ಬರೆದು, ಪಕ್ಕದಲ್ಲಿ ಬಿಸಿಲು, ಗಾಳಿ ಎರಡನ್ನೂ ಬರೆಯಿರಿ. ಬಿಸಿಲು ಕಡಿಮೆ ಇರುವ ತಿಂಗಳಲ್ಲಿ ಗಾಳಿ ಸೆಕೆಂಡಿಗೆ 5 ಮೀಟರಿಗಿಂತ ಜಾಸ್ತಿ ಇದ್ದರೆ ಮಾತ್ರ ಗಾಳಿಯಂತ್ರದ ಮಾತು ಮುಂದುವರಿಸಿ. ಇಲ್ಲವಾದರೆ ಅದೇ ದುಡ್ಡಿಗೆ ಇನ್ನೆರಡು ಪ್ಯಾನೆಲ್ ಜಾಸ್ತಿ ಹಾಕಿ. ತಿರುಗುವ ಭಾಗ ಇಲ್ಲದ ವಸ್ತು ಕೆಡುವುದು ಕಡಿಮೆ.

5 ಯಾಕೆ ಅಂದರೆ, ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ 4ರಿಂದ 6ಕ್ಕೆ ಹೋದರೆ ಒಂದೂವರೆ ಪಟ್ಟು, ಶಕ್ತಿ ಮೂರು ಪಟ್ಟಿಗೂ ಜಾಸ್ತಿ. ರೆಕ್ಕೆ ತಿರುಗುವ ವೃತ್ತ ಮೂರು ಮೀಟರಿನ ಒಳಗಿರುವ ಒಂದು ಕಿಲೋವ್ಯಾಟ್ ಯಂತ್ರ ಸರಾಸರಿ 4 ಮೀಟರ್ ಗಾಳಿಯಲ್ಲಿ ದಿನಕ್ಕೆ ಎರಡು ಯೂನಿಟ್ ಕೊಟ್ಟರೆ ಅದೇ ದೊಡ್ಡದು. ಸರಾಸರಿ 6 ಇದ್ದರೆ ಐದಾರು ಯೂನಿಟ್ ನಿರೀಕ್ಷೆ ಮಾಡಬಹುದು. ಜೊತೆಗೆ ಬಿಸಿ ಗಾಳಿ ಹಗುರ. 45 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ 15 ಡಿಗ್ರಿಗಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ. ಕ್ಯಾಟಲಾಗ್‌ನಲ್ಲಿ ಬರೆದಿರುವುದು 15 ಡಿಗ್ರಿಯ ಲೆಕ್ಕ.

ಲೋಡ್: ಎಸಿ ಇದ್ದರೆ ಆಟ ಮುಗಿಯಿತು

ರೇಡಿಯೋ ತಿನ್ನುವ ಕರೆಂಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಉಪಕರಣ ಇಡುವ ಕೋಣೆ, ಅಂದರೆ ಶೆಲ್ಟರ್, ತಣ್ಣಗಿಡಲು ಎಷ್ಟು ಅಂತ ಕೇಳುವವರು ಕಡಿಮೆ. ಉಪಕರಣ 300 ವ್ಯಾಟ್, ಅದನ್ನು ತಣ್ಣಗಿಡಲು ಒಂದೂವರೆ ಕಿಲೋವ್ಯಾಟ್ ಎಸಿ! ಇಂಥ ಶೆಲ್ಟರಿಗೆ ಸೋಲಾರ್ ಹಾಕಲು ಹೊರಟರೆ ನೀವು ರೇಡಿಯೋಗಲ್ಲ, ಎಸಿಗೆ ಪ್ಯಾನೆಲ್ ಹಾಕುತ್ತಿದ್ದೀರಿ ಅಂತ ಅರ್ಥ.

ಆದ್ದರಿಂದ ಎಸಿ ಬೇಡದಂತೆ ಮಾಡಿ. ಬಿಸಿ ತಡೆಯುವ ಹೊರಾಂಗಣ ಕ್ಯಾಬಿನೆಟ್ ಸಿಗುತ್ತದೆ. 55 ಡಿಗ್ರಿಗೆ ಒಪ್ಪುವ ಉಪಕರಣವನ್ನೇ ಕೇಳಿ. ಸುಮ್ಮನೆ ಹೇಳುತ್ತಿಲ್ಲ, ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ನೆರಳಿನಲ್ಲೇ 53.9 ಡಿಗ್ರಿ ದಾಖಲಾಗಿದೆ. ಕ್ಯಾಬಿನೆಟ್ ಒಳಗೆ ಇನ್ನೂ ಜಾಸ್ತಿ. ಮೇಲೆ ಎರಡನೇ ಛಾವಣಿ ಹಾಕಿ, ಎರಡರ ನಡುವೆ ಗಾಳಿ ಓಡಾಡಲು ಗೇಣು ಜಾಗ ಬಿಡಿ. ಬಿಳಿ ಬಣ್ಣ ಹೊಡೆಯಿರಿ. ಪ್ಯಾನೆಲ್‌ಗಳನ್ನೇ ಕ್ಯಾಬಿನೆಟ್ ಮೇಲೆ ನೆರಳಾಗುವಂತೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಡಿಸಿ ಫ್ಯಾನ್, ಫಿಲ್ಟರ್ ಸಾಕು. ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಫ್ಯಾನ್ ಇದ್ದೂ ಇಲ್ಲದಂತೆ, ಅದನ್ನು ಮರೆಯಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ

ಉಪಕರಣ 300 ವ್ಯಾಟ್, 24 ಗಂಟೆಯೂ ಓಡುತ್ತದೆ. ಬೇಸಿಗೆಯಲ್ಲಿ ಫ್ಯಾನ್‌ಗೆ 60 ವ್ಯಾಟ್ ಸೇರಿ 360. ಚಳಿಗಾಲದಲ್ಲಿ ದಿನಕ್ಕೆ 7.2 ಯೂನಿಟ್, ಬೇಸಿಗೆಯಲ್ಲಿ 8.64 ಯೂನಿಟ್.

ಚಳಿಗಾಲದಲ್ಲಿ ಕುವೈತ್ ಕಡೆ ಓರೆ ಮಾಡಿ ನಿಲ್ಲಿಸಿದ ಪ್ಯಾನೆಲ್‌ಗೆ ದಿನಕ್ಕೆ ಪೂರ್ತಿ ಬಿಸಿಲು ನಾಲ್ಕೂವರೆ ಗಂಟೆ ಅಂತ ಇಟ್ಟುಕೊಳ್ಳಿ (ಇಡೀ ದಿನದ ಬಿಸಿಲನ್ನು ನಡುಮಧ್ಯಾಹ್ನದ ಪೂರ್ತಿ ಬಿಸಿಲಿನ ಗಂಟೆಗಳಿಗೆ ಇಳಿಸಿದ ಲೆಕ್ಕ ಇದು). ಸೆಕೆಯ ನಷ್ಟ ಕಡಿಮೆ, ಅದಕ್ಕೆ 0.92, ಅಂದರೆ ನೂರರಲ್ಲಿ 92 ಉಳಿಯುತ್ತದೆ. ಧೂಳಿಗೆ 0.85. ವೈರು, ಬ್ಯಾಟರಿ, ಕಂಟ್ರೋಲರ್ (ಪ್ಯಾನೆಲ್ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಪೆಟ್ಟಿಗೆ) ಎಲ್ಲಾ ಸೇರಿ 0.85. ಗುಣಿಸಿದರೆ 0.665. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 3 ಯೂನಿಟ್ ಹತ್ತಿರ ಕೊಡುತ್ತದೆ. ಬೇಕಾದದ್ದು 2.4 ಕಿಲೋವ್ಯಾಟ್.

ಬೇಸಿಗೆಗೆ ಬನ್ನಿ. ಬಿಸಿಲು 6 ಗಂಟೆ. ಆದರೆ ಪ್ಯಾನೆಲ್ ಮೈ 70 ಡಿಗ್ರಿ ದಾಟುತ್ತದೆ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯದು. ಅಲ್ಲಿಂದ ಪ್ರತಿ ಡಿಗ್ರಿಗೆ 0.35ರಿಂದ 0.4 ಪರ್ಸೆಂಟ್ ಇಳಿಯುತ್ತದೆ. ಹಾಗಾಗಿ 0.83. ಶಮಾಲ್ ಧೂಳಿಗೆ 0.80. ಉಳಿದದ್ದು ಅದೇ 0.85. ಗುಣಿಸಿದರೆ 0.564. ಒಂದು ಕಿಲೋವ್ಯಾಟ್‌ಗೆ 3.4 ಯೂನಿಟ್ ಅಷ್ಟೇ. 8.64ಕ್ಕೆ ಬೇಕಾದದ್ದು 2.55 ಕಿಲೋವ್ಯಾಟ್.

ನೋಡಿದಿರಾ, ಬಿಸಿಲು ಜಾಸ್ತಿ ಇರುವ ತಿಂಗಳಿಗೇ ಜಾಸ್ತಿ ಪ್ಯಾನೆಲ್ ಬೇಕು. ಬರೀ ಡಿಸೆಂಬರ್ ನೋಡಿ ಲೆಕ್ಕ ಮಾಡಿದವರ ಸೈಟು ಜುಲೈನಲ್ಲಿ ಮಲಗುವುದು ಇದಕ್ಕೇ. ಎರಡೂ ಋತುವಿಗೆ ಲೆಕ್ಕ ಹಾಕಿ, ಜಾಸ್ತಿ ಬಂದದ್ದನ್ನು ಹಿಡಿಯಿರಿ.

2.55 ಅಂತ ಬಂದರೆ 2.55 ಹಾಕಿ ಕೈ ತೊಳೆದುಕೊಳ್ಳಬೇಡಿ. ಮೂರು ದಿನ ಧೂಳು ಮುಸುಕಿ ಬ್ಯಾಟರಿ ಇಳಿಯಿತು ಅನ್ನಿ, ಸುಮಾರು 26 ಯೂನಿಟ್ ಮತ್ತೆ ತುಂಬಬೇಕು. ದಿನದ ಖರ್ಚು ಬೇರೆ ನಡೆಯುತ್ತಲೇ ಇರುತ್ತದೆ. 550 ವ್ಯಾಟಿನ 6 ಪ್ಯಾನೆಲ್ ಹಾಕಿದರೆ ದಿನಕ್ಕೆ ಉಳಿಯುವುದು ಎರಡೂವರೆ ಯೂನಿಟ್, ತುಂಬಲು ಹತ್ತು ದಿನ. 8 ಹಾಕಿದರೆ ಆರು ಯೂನಿಟ್ ಚಿಲ್ಲರೆ ಉಳಿಯುತ್ತದೆ, ನಾಲ್ಕೈದು ದಿನದಲ್ಲಿ ತುಂಬುತ್ತದೆ. ನಾನು 8ಕ್ಕೇ ಓಟು ಹಾಕುತ್ತೇನೆ.

ಬ್ಯಾಟರಿ: 8.64 ಯೂನಿಟ್ ಅಂದರೆ 48 ವೋಲ್ಟ್‌ನಲ್ಲಿ ದಿನಕ್ಕೆ 180 ಆಂಪಿಯರ್ ಅವರ್. ಮೂರು ದಿನಕ್ಕೆ 540. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, 1,100 ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 80 ಪರ್ಸೆಂಟ್ ಬಳಸಬಹುದು, 700 ಸಾಕು.

ಬ್ಯಾಟರಿ ಉಳಿಸಿದರೆ ಸೈಟು ಉಳಿಯುತ್ತದೆ

ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹತ್ತು ವರ್ಷದ ಬ್ಯಾಟರಿಯನ್ನು 45 ಡಿಗ್ರಿಯಲ್ಲಿ ಇಟ್ಟರೆ ಎರಡೂವರೆ ವರ್ಷ. ಲಿಥಿಯಂಗೂ ಸೆಕೆ ಆಗಲ್ಲ, 45ರ ಮೇಲೆ ಚಾರ್ಜಿಂಗ್ ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ.

ಅದಕ್ಕೆ ಬ್ಯಾಟರಿಯನ್ನು ಉಪಕರಣದ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಭೂಮಿಯೊಳಗೆ ಇಳಿಸಿ. ನಮ್ಮ ಹಳ್ಳಿಗಳ ಹಗೇವು ಗೊತ್ತಲ್ಲ, ಜೋಳ ಕೆಡದಂತೆ ನೆಲದೊಳಗೆ ಇಡುತ್ತಿದ್ದರು, ಅದೇ ಉಪಾಯ. ಎರಡು ಮೂರು ಮೀಟರ್ ಆಳದಲ್ಲಿ ಬೇಸಿಗೆಯ ಏರುಪೇರು ಅಷ್ಟಾಗಿ ತಾಗಲ್ಲ. ಕಾಂಕ್ರೀಟ್ ಗುಂಡಿ ಅಥವಾ ಹೂಳುವಂಥ ರೆಡಿಮೇಡ್ ಪೆಟ್ಟಿಗೆ ಹಾಕಿ. ಮುಚ್ಚಳ ನೆಲಕ್ಕಿಂತ ಎತ್ತರ ಇರಲಿ, ನೀರು ನುಗ್ಗಬಾರದು. ಲೆಡ್ ಆಸಿಡ್ ಆದರೆ ಹೈಡ್ರೋಜನ್ ಹೊರಹೋಗಲು ಗಾಳಿ ಕೊಳವೆ ಕಡ್ಡಾಯ. ಅದರ ಬಾಯಿಗೆ ಸಣ್ಣ ಜಾಲರಿ ಕಟ್ಟಿ, ಮರಳು ಬೀಳದಂತೆ ಕೆಳಮುಖವಾಗಿ ಬಗ್ಗಿಸಿ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದರಿಂದಲೂ ಬ್ಯಾಟರಿ ಸಾಯುತ್ತದೆ. ಕಂಟ್ರೋಲರ್ ಜೊತೆ ತೆಳ್ಳನೆ ವೈರಿನ ತುದಿಗೆ ಗುಂಡಿಯಂಥದ್ದೊಂದು ಬರುತ್ತದೆ, ಅದು ಟೆಂಪರೇಚರ್ ಸೆನ್ಸರ್. ಕೆಲವರು ಅದನ್ನು ಕಂಟ್ರೋಲರ್ ಪಕ್ಕದಲ್ಲೇ ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ಅದನ್ನು ಬ್ಯಾಂಕಿನ, ಅಂದರೆ ಬ್ಯಾಟರಿ ಸಾಲಿನ, ನಡುವಿನ ಸೆಲ್ ಮೈಗೆ ಅಂಟಿಸಬೇಕು, ಮೇಲೆ ಸ್ವಲ್ಪ ಫೋಮ್ ಮುಚ್ಚಬೇಕು. ಲೆಡ್ ಆಸಿಡ್‌ನಲ್ಲಿ ಬಿಸಿ ಏರಿದಂತೆ ಚಾರ್ಜಿಂಗ್ ವೋಲ್ಟೇಜನ್ನು ಪ್ರತಿ ಡಿಗ್ರಿಗೆ ಪ್ರತಿ ಸೆಲ್‌ಗೆ ಸುಮಾರು 3 ಮಿಲಿವೋಲ್ಟ್ ಇಳಿಸಬೇಕು. 24 ಸೆಲ್, 15 ಡಿಗ್ರಿ ಜಾಸ್ತಿ ಅಂದರೆ ಒಂದು ವೋಲ್ಟಿಗೂ ಮೇಲೆ ವ್ಯತ್ಯಾಸ. ಸೆನ್ಸರ್ ತಪ್ಪು ಜಾಗದಲ್ಲಿದ್ದರೆ ಈ ಲೆಕ್ಕ ಪೂರ್ತಿ ಹಾಳು. ಬ್ಯಾಟರಿ ಒಂದೋ ಕುದ್ದು ಒಣಗುತ್ತದೆ, ಇಲ್ಲವೋ ಯಾವತ್ತೂ ತುಂಬುವುದೇ ಇಲ್ಲ.

ವೈರಿಂಗ್: ಇಲ್ಲಿ ಪ್ಲಸ್ ಭೂಮಿಗೆ

ಮನೆ ಸೋಲಾರ್ ಮಾಡಿ ಅಭ್ಯಾಸ ಇದ್ದವರಿಗೆ ಮೊದಲ ದಿನವೇ ಗೊಂದಲ ಆಗುವ ಜಾಗ ಇದು. ಟೆಲಿಕಾಂ ಸೈಟು ಮೈನಸ್ 48 ವೋಲ್ಟ್‌ನದು. ಪಾಸಿಟಿವ್ ತುದಿ ಅರ್ತ್ ಆಗಿರುತ್ತದೆ. ಮಾರುಕಟ್ಟೆಯ ಬಹಳಷ್ಟು ಎಂಪಿಪಿಟಿ (ಪ್ಯಾನೆಲ್‌ನಿಂದ ಆದಷ್ಟೂ ಜಾಸ್ತಿ ಕರೆಂಟ್ ಹಿಂಡುವ ಬಗೆಯ) ಕಂಟ್ರೋಲರ್‌ಗಳಲ್ಲಿ ಪ್ಯಾನೆಲ್ ಮತ್ತು ಬ್ಯಾಟರಿಯ ನೆಗೆಟಿವ್ ಒಳಗೇ ಸೇರಿಕೊಂಡಿರುತ್ತದೆ, ಫ್ಯೂಸು, ಸ್ವಿಚ್ಚೆಲ್ಲ ಪಾಸಿಟಿವ್ ಕಡೆ. ಅದನ್ನು ಹಾಗೇ ತಂದು ಇಲ್ಲಿ ಕಟ್ಟಿದರೆ ಎಡವಟ್ಟು. ಪಾಸಿಟಿವ್ ಅರ್ತ್‌ಗೆ ಒಪ್ಪುತ್ತದೆ ಅಂತ ಬರೆದಿರುವ ಕಂಟ್ರೋಲರನ್ನೇ ತರಿಸಿ. ಫ್ಯೂಸ್, ಬ್ರೇಕರ್ ನೆಗೆಟಿವ್ ಕಡೆ ಬರಬೇಕು.

8 ಪ್ಯಾನೆಲ್ ಹೇಗೆ ಜೋಡಿಸುವುದು? 550 ವ್ಯಾಟ್ ಪ್ಯಾನೆಲ್ ಯಾವುದಕ್ಕೂ ಜೋಡಿಸದೆ ಇದ್ದಾಗ 50 ವೋಲ್ಟ್ ಹತ್ತಿರ ತೋರಿಸುತ್ತದೆ. ಕಂಟ್ರೋಲರ್ ತಡೆಯುವುದು 150 ಅಂತಿದ್ದರೆ, ಮೂರನ್ನು ಸಾಲಾಗಿ, ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ, ಜೋಡಿಸುವ ಆಸೆ ಬರುತ್ತದೆ. ಬೇಡ. ಮರಳುಗಾಡಿನ ಜನವರಿ ಬೆಳಗ್ಗೆ 5 ಡಿಗ್ರಿ ಇರಬಹುದು, ಚಳಿಯಲ್ಲಿ ವೋಲ್ಟೇಜ್ ಏರುತ್ತದೆ, ಮೂರರದ್ದು 157 ದಾಟಿ ಕಂಟ್ರೋಲರ್ ಸುಟ್ಟುಹೋಗುತ್ತದೆ. ಎರಡೆರಡು ಸಾಲಾಗಿ ಜೋಡಿಸಿ. ಸುಡುಬಿಸಿಲಿನಲ್ಲಿ ಎರಡರದ್ದು 70 ವೋಲ್ಟಿಗೆ ಇಳಿದರೂ ಬ್ಯಾಟರಿ ತುಂಬಲು ಸಾಕು.

ಒಂದು ದೊಡ್ಡ ಕಂಟ್ರೋಲರ್ ಬದಲು ಸುಮಾರು 50 ಆಂಪಿಯರ್‌ನ ಎರಡು ಹಾಕಿ, ತಲಾ ನಾಲ್ಕು ಪ್ಯಾನೆಲ್. ಒಂದು ಕೆಟ್ಟರೆ ಇನ್ನೊಂದು ದಿನಕ್ಕೆ ಏಳೂವರೆ ಯೂನಿಟ್ ಕೊಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ ಕೊರತೆ, ಅಷ್ಟೇ. ನೀವು ಗಾಡಿ ಹತ್ತಿ 300 ಕಿಲೋಮೀಟರ್ ಹೋಗುವವರೆಗೆ ಸೈಟು ನಿಂತಿರುತ್ತದೆ.

ಅರ್ತಿಂಗ್ ಬಗ್ಗೆ. ಊರಲ್ಲಿ ಇದ್ದಿಲು, ಉಪ್ಪು ಹಾಕಿ ನೀರು ಸುರಿದರೆ ಆಯಿತು. ಅಲ್ಲಿನ ಒಣ ಮರಳಿಗೆ ನೀರು ಸುರಿಯುವವರು ಯಾರು? ಉದ್ದನೆ ರಾಡುಗಳು, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು, ಟವರ್ ಸುತ್ತ ತಾಮ್ರದ ಉಂಗುರ, ಇದೇ ದಾರಿ. ಮರಳುಗಾಡಲ್ಲಿ ಸಿಡಿಲು ಎಲ್ಲಿಂದ ಅನ್ನಬೇಡಿ, ಒಮಾನಿನ ಹಜರ್ ಬೆಟ್ಟಗಳಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಮಳೆ ಆಗುತ್ತದೆ.

ನಿಲ್ಲಿಸುವುದು

ಪ್ಯಾನೆಲ್ ಓರೆ: ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟು. ನಮ್ಮಲ್ಲಿ 14, 15 ಡಿಗ್ರಿ ದಕ್ಷಿಣಕ್ಕೆ ಬಾಗಿಸಿದರೆ ಸರಿ. ಮಸ್ಕತ್ 23ರ ಮೇಲಿದೆ, ಕುವೈತ್ 29ರ ಮೇಲೆ. ಚಳಿಗಾಲದ ಬಿಸಿಲು ಹಿಡಿಯಲು ಇನ್ನೂ ಐದು ಹತ್ತು ಡಿಗ್ರಿ ಸೇರಿಸಿ. ಕಡಿದಾಗಿದ್ದಷ್ಟೂ ಧೂಳು ಕೂರುವುದು ಕಡಿಮೆ, ಅದೊಂದು ಲಾಭ. ಕೆಳ ಅಂಚು ನೆಲದಿಂದ ಒಂದು ಮೀಟರ್ ಮೇಲಿರಲಿ, ಇಲ್ಲದಿದ್ದರೆ ಹಾರುವ ಮರಳು ಗಾಜನ್ನು ಉಜ್ಜುತ್ತದೆ. ಬೇಲಿ ಗಟ್ಟಿ ಇರಲಿ. ನಮ್ಮ ಕಡೆ ಕೋತಿ ಕಾಟ, ಅಲ್ಲಿ ಒಂಟೆ. ಕಡಿತ ಬಂದರೆ ಸಿಕ್ಕಿದ ಕಂಬಕ್ಕೆ ಮೈ ಉಜ್ಜುತ್ತದೆ.

ಜಾಗ ಆರಿಸುವಾಗ ವಾದಿ ಅಂದರೆ ಒಣಗಿದ ಹಳ್ಳದ ಪಾತ್ರ ಬೇಡ. ವರ್ಷವಿಡೀ ಒಣಗಿದ್ದು ಒಂದೇ ಮಳೆಗೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಡಲ ಹತ್ತಿರದ ಉಪ್ಪು ನೆಲ, ಸಬ್ಖಾ, ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಅಲ್ಲಿಗೆ ಸಲ್ಫೇಟ್ ತಡೆಯುವ ಸಿಮೆಂಟು, ದಪ್ಪ ಗ್ಯಾಲ್ವನೈಸಿಂಗ್ ಬೇಕು.

ಗಾಳಿಯಂತ್ರ ಹಾಕುವುದೇ ಆದರೆ ಟವರಿನ ಮೇಲೆ ಕೂರಿಸಬೇಡಿ. ಅದರ ನಡುಕ ಮೈಕ್ರೋವೇವ್ ಡಿಶ್‌ನ ದಿಕ್ಕು ತಪ್ಪಿಸುತ್ತದೆ. ಬೇರೆ ಕಂಬ, ಪ್ಯಾನೆಲ್ ಮೇಲೆ ನೆರಳು ಬೀಳದಂತೆ ಉತ್ತರದ ಕಡೆ. ಕೆಳಗೆ ಮಲಗಿಸಬಹುದಾದ ಕಂಬವೇ ಆಗಬೇಕು, ಕ್ರೇನ್ ಕರೆಸುವ ಜಾಗ ಅಲ್ಲ ಅದು. ಚಿತ್ರದುರ್ಗದ ಬಂಡೆಯಲ್ಲಿ ರಂಧ್ರ ಕೊರೆದು ಗೈ ವೈರ್ (ಕಂಬ ಬೀಳದಂತೆ ಎಳೆದು ಕಟ್ಟುವ ತಂತಿ) ಕಟ್ಟಿದವರಿಗೆ ಮರಳು ಬೇರೆಯೇ ಪಾಠ. ಗೂಟ ನಿಲ್ಲಲ್ಲ. ಕಾಂಕ್ರೀಟ್ ದಿಮ್ಮಿ ಆಳವಾಗಿ ಹೂತು ಅದಕ್ಕೆ ಕಟ್ಟಬೇಕು. ರೆಕ್ಕೆಯ ಮುಂದಿನ ಅಂಚನ್ನು ಮರಳು ಸವೆಸುತ್ತದೆ, ಅಲ್ಲಿಗೆ ರಕ್ಷಣೆ ಟೇಪ್ ಅಂಟಿಸಿ, ವರ್ಷಕ್ಕೊಮ್ಮೆ ಕಂಬ ಮಲಗಿಸಿ ಟೇಪ್, ಬೇರಿಂಗ್ ನೋಡಿ.

ಒಂದು ವಿಷಯ ಮನಸ್ಸಿಗೆ ಹತ್ತಿಸಿಕೊಳ್ಳಿ. ಪ್ಯಾನೆಲ್‌ನ ವೈರ್ ಬಿಚ್ಚಿದರೆ ಪ್ಯಾನೆಲ್ ಸುಮ್ಮನಿರುತ್ತದೆ. ತಿರುಗುತ್ತಿರುವ ಗಾಳಿಯಂತ್ರದ ವೈರ್ ಬಿಚ್ಚಿದರೆ ಹಿಡಿತ ತಪ್ಪಿ ವೇಗ ಏರಿ ಒಡೆದುಹೋಗುತ್ತದೆ. ಬ್ಯಾಟರಿ ತುಂಬಿದಾಗ ಉಳಿದ ಕರೆಂಟ್ ಸುಡಲು ಡಂಪ್ ಲೋಡ್ ಇರಬೇಕು. ಮುಟ್ಟುವ ಮುಂಚೆ ಬ್ರೇಕ್ ಸ್ವಿಚ್ ಹಾಕಿ, ಯಂತ್ರದಿಂದ ಬರುವ ಮೂರೂ ವೈರನ್ನು ಶಾರ್ಟ್ ಮಾಡಿ ನಿಲ್ಲಿಸಿ, ಆಮೇಲೆ ಕೆಲಸ. ಒಮಾನ್ ಕರಾವಳಿಗೆ ಚಂಡಮಾರುತವೂ ಬರುತ್ತದೆ. 2007ರಲ್ಲಿ ಗೋನು, 2018ರಲ್ಲಿ ಮೆಕುನು, 2021ರಲ್ಲಿ ಶಾಹೀನ್. ಮುನ್ಸೂಚನೆ ಬಂದ ದಿನವೇ ಕಂಬ ಮಲಗಿಸಿ.

ಕೆಲಸದ ವೇಳೆಯೂ ಪ್ಲಾನಿನಲ್ಲಿ ಇರಲಿ. ಬೇಸಿಗೆಯಲ್ಲಿ ಮಧ್ಯಾಹ್ನ ಬಯಲಿನ ಕೆಲಸಕ್ಕೆ ಅಲ್ಲಿ ಕಾನೂನಿನ ತಡೆ ಇದೆ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮೂರೂವರೆ, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ 11ರಿಂದ 4, ಒಮಾನ್‌ನಲ್ಲಿ ಅದೇ ಮೂರು ತಿಂಗಳು ಹನ್ನೆರಡೂವರೆಯಿಂದ ಮೂರೂವರೆ. ದೊಡ್ಡ ಕೆಲಸವನ್ನು ನವೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸುವುದು ಜಾಣತನ.

ಧೂಳು ಒರೆಸುವುದು

ಆ ಭಾಗದಲ್ಲಿ ಒರೆಸದೆ ಬಿಟ್ಟ ಪ್ಯಾನೆಲ್ ದಿನಕ್ಕೆ ಸುಮಾರು ಅರ್ಧ ಪರ್ಸೆಂಟ್ ಕಳೆದುಕೊಳ್ಳುತ್ತದೆ, ಬಿರುಗಾಳಿ ಬಂದರೆ ಒಂದೇ ದಿನಕ್ಕೆ ಎಷ್ಟೋ ಪಟ್ಟು. ಕಡಲ ಹತ್ತಿರ ರಾತ್ರಿ ಇಬ್ಬನಿ ಬೀಳುತ್ತದೆ, ಧೂಳು ಅದರಲ್ಲಿ ನೆನೆದು, ಬೆಳಗ್ಗೆ ಬಿಸಿಲಿಗೆ ಒಣಗಿ ಸುಣ್ಣ ಬಳಿದಂತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಒಣ ಬ್ರಷ್‌ಗೆ ಬರಲ್ಲ. ಅದಕ್ಕೆ ಇಬ್ಬನಿ ಇನ್ನೂ ಹಸಿ ಇರುವಾಗಲೇ, ಸೂರ್ಯ ಮೇಲೇರುವ ಮುಂಚೆ, ಮೆತ್ತನೆ ರಬ್ಬರ್ ಪಟ್ಟಿಯಿಂದ ಎಳೆದುಬಿಡಿ. ಕಾದ ಗಾಜಿಗೆ ತಣ್ಣೀರು ಹಾಕಬೇಡಿ, ಬಿರುಕು ಬಿಡಬಹುದು. ಬೋರ್ ನೀರು ಬೇಡ, ಉಪ್ಪಿನ ಕಲೆ ಉಳಿಯುತ್ತದೆ.

ದೂರದಿಂದಲೇ ಸೈಟು ನೋಡಿಕೊಳ್ಳಲು ನಾಲ್ಕು ಅಂಕಿ ಸಾಕು: ಬ್ಯಾಟರಿ ವೋಲ್ಟೇಜ್, ಬ್ಯಾಟರಿ ಬಿಸಿ, ಪ್ಯಾನೆಲ್ ಆಂಪಿಯರ್, ಲೋಡ್ ಆಂಪಿಯರ್. ರೇಡಿಯೋ ಲಿಂಕ್ ಇದ್ದೇ ಇದೆ, ಅದರಲ್ಲೇ ಕಳಿಸಿ. ಲೆಡ್ ಆಸಿಡ್ ಬ್ಯಾಂಕಿಗೆ 48 ವೋಲ್ಟಿಗೆ ಅಲಾರಂ, 46ರ ಹತ್ತಿರ ಲೋಡ್ ಕಡಿತ. ಮೊದಲು ಕಡಿಯುವುದು ಮೊಬೈಲ್ ಉಪಕರಣ, ಕೊನೆಯವರೆಗೆ ಉಳಿಯಬೇಕಾದದ್ದು ಮೈಕ್ರೋವೇವ್ ಲಿಂಕ್. ಇದನ್ನು ತಿರುಗಾಮುರುಗಾ ಮಾಡಿದರೆ ಮುಂದಿನ ಟವರುಗಳೂ ಸಾಲಾಗಿ ಬೀಳುತ್ತವೆ, ಆಮೇಲೆ ಯಾವುದು ಮೊದಲು ಬಿತ್ತು ಅಂತ ಹುಡುಕುವುದೇ ಒಂದು ದಿನದ ಕೆಲಸ.

ಹೋಗುವ ಮುಂಚೆ ಕೈ ಪಳಗಬೇಕು ಅನ್ನುವವರು ದಾವಣಗೆರೆಯಲ್ಲೇ ಮನೆ ಮಾಳಿಗೆ ಮೇಲೆ ಎರಡು ಹಳೇ ಪ್ಯಾನೆಲ್, ಒಂದು ಸಣ್ಣ ಎಂಪಿಪಿಟಿ, ಒಂದು ಬ್ಯಾಟರಿ ಇಟ್ಟುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಹಿಂಬದಿಗೆ ಥರ್ಮಾಮೀಟರ್ ಅಂಟಿಸಿ, ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪಿಯರ್ ಬರೆದುಕೊಳ್ಳಿ. ಆಮೇಲೆ ಒಂದನ್ನು ಒರೆಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಅಳೆಯುವಂಥದ್ದನ್ನೇ ಕೇಳಿ ತನ್ನಿ, ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಹಳಷ್ಟು ಬರೀ ಎಸಿಯವು.